ಅರವತ್ತು ದಿನಗಳ ಲೆಕ್ಕ ಯಾವತ್ತಿನಿಂದ? ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ಎಚ್-1ಬಿ ಮಗನಿಗೆ ಉಳಿದಿರುವ ದಾರಿಗಳು

ಗುತ್ತಲು ರಸ್ತೆ, ಮಂಡ್ಯ — 9 ಫೆಬ್ರುವರಿ 2026

ಎಲ್ಲರಿಗೂ ನಮಸ್ಕಾರ. ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಾಲೆಯ ನೀರಿನ ಲೆಕ್ಕ ಗೊತ್ತೇ ಹೊರತು ವೀಸಾದ ಲೆಕ್ಕ ನನಗೆ ಗೊತ್ತಿಲ್ಲ. ನನ್ನ ಮಗ ಇಲ್ಲಿಯೇ ಪಿಇಎಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಅಮೆರಿಕದಲ್ಲಿ ಎಂ.ಎಸ್. ಓದಿ, 2021ರ ಅಕ್ಟೋಬರ್‌ನಿಂದ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದ. ಜನವರಿ 14ರಂದು ಕಂಪನಿಯವರು ಅವನನ್ನೂ ಅವನ ತಂಡದ ಇನ್ನೂ ಕೆಲವರನ್ನೂ ಕರೆದು, ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ, ಜನವರಿ 31ರವರೆಗೆ ಸಂಬಳ ಕೊಡುತ್ತೇವೆ ಎಂದು ಹೇಳಿ ಲ್ಯಾಪ್‌ಟಾಪ್ ವಾಪಸು ಪಡೆದರಂತೆ. ಹಬ್ಬದ ಹೊತ್ತಿನಲ್ಲಿ ನಮ್ಮ ಮನಸ್ಸು ಕೆಡಿಸುವುದು ಬೇಡವೆಂದು ಮೂರು ವಾರ ಸುಮ್ಮನಿದ್ದು, ಮೊನ್ನೆ ಬೆಳಗಿನ ಜಾವ ಐದು ಗಂಟೆಗೆ ಫೋನ್ ಮಾಡಿ ತಿಳಿಸಿದ.

ಅರವತ್ತು ದಿನಗಳೊಳಗೆ ಏನಾದರೂ ಆಗಬೇಕು ಎಂದಷ್ಟೇ ಅವನು ಹೇಳಿದ. ಅಡುಗೆಮನೆಯ ಗೋಡೆಯಲ್ಲಿರುವ ಸೊಸೈಟಿ ಕ್ಯಾಲೆಂಡರ್‌ನಲ್ಲಿ ನಾನು ಕೆಂಪು ಪೆನ್ಸಿಲ್ಲಿನಿಂದ ದಿನ ಎಣಿಸುತ್ತಾ ಕುಳಿತಿದ್ದೇನೆ. ಆದರೆ 15ನೇ ತಾರೀಖಿನಿಂದ ಎಣಿಸಬೇಕೋ ಫೆಬ್ರುವರಿ ಒಂದರಿಂದಲೋ ತಿಳಿಯದೆ ಎರಡು ಸಾಲು ಗೀಚಿದ್ದೇನೆ. ಅವನು ಕಳಿಸಿರುವ ಪಾಸ್‌ಪೋರ್ಟಿನ ಪ್ರತಿಯನ್ನು ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ನೋಡಿದರೆ, ಅದರಲ್ಲಿರುವ ವೀಸಾ 2024ರ ಸೆಪ್ಟೆಂಬರ್‌ಗೇ ಮುಗಿದಿದೆ. ಹಾಗಾದರೆ ಒಂದೂವರೆ ವರ್ಷದಿಂದ ಅವನು ಅಲ್ಲಿ ಕಾನೂನು ಮೀರಿ ಇದ್ದಾನೆಯೇ ಎಂಬುದು ನನ್ನ ದೊಡ್ಡ ಭಯ. ಸೊಸೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4ರಲ್ಲಿ ಇದ್ದು, ಇಎಡಿ ಎಂಬ ಪರವಾನಗಿ ಮೇಲೆ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗಳು 2022ರಲ್ಲಿ ಅಲ್ಲಿಯೇ ಹುಟ್ಟಿದವಳು. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಎಂಬ ಅರ್ಜಿ 2023ರಲ್ಲಿ ಮಂಜೂರಾಗಿದೆಯಂತೆ. ಇಷ್ಟೆಲ್ಲ ಇಟ್ಟುಕೊಂಡು ಅವನು ಅಲ್ಲಿಯೇ ಕಾಯುವುದು ಒಳ್ಳೆಯದೋ, ಊರಿಗೆ ಬಂದು ಆಮೇಲೆ ಹೋಗುವುದು ಒಳ್ಳೆಯದೋ, ಬಲ್ಲವರು ದಯವಿಟ್ಟು ತಿಳಿಸಬೇಕು.

ವಿಜಯನಗರ ನಾಲ್ಕನೇ ಹಂತ, ಮೈಸೂರು — 9 ಫೆಬ್ರುವರಿ

ಸರ್, ನಾನು ಹನ್ನೊಂದು ವರ್ಷ ಅಲ್ಲಿದ್ದು ಬಂದು ಈಗ ಹೆಬ್ಬಾಳದಲ್ಲಿ ಕೆಲಸ ಮಾಡುತ್ತಿದ್ದೇನೆ. 2020ರಲ್ಲಿ ನಾನೂ ಈ ಅರವತ್ತು ದಿನಗಳನ್ನು ಎಣಿಸಿದವನು. ಮೊದಲು ನಿಮ್ಮ ದೊಡ್ಡ ಭಯವನ್ನು ಕಳೆಯುತ್ತೇನೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಬೇರೆ, ದೇಶದೊಳಗೆ ಇರುವ ಸ್ಟೇಟಸ್ ಬೇರೆ. ನಮ್ಮ ದಸರೆಯ ಪಾಸನ್ನು ನೆನೆಸಿಕೊಳ್ಳಿ: ಅರಮನೆಯ ಗೇಟಿನಲ್ಲಿ ಅದನ್ನು ತೋರಿಸಿ ಒಳಗೆ ಹೋದ ಮೇಲೆ ಗೇಟು ಮುಚ್ಚಿದರೂ ಒಳಗೆ ಕುಳಿತವರನ್ನು ಯಾರೂ ಎಬ್ಬಿಸುವುದಿಲ್ಲ, ಆದರೆ ಹೊರಗೆ ಹೋಗಿ ಮತ್ತೆ ಬರಬೇಕೆಂದರೆ ಹೊಸ ಪಾಸು ಬೇಕು. ವೀಸಾ ಎಂಬುದು ಆ ಪಾಸು. ಒಳಗೆ ಎಲ್ಲಿಯವರೆಗೆ ಇರಬಹುದು ಎಂಬುದನ್ನು ಹೇಳುವುದು ಐ-94 ಎಂಬ ದಾಖಲೆ. ಎಚ್-1ಬಿ ಮುಂದುವರಿಕೆ ಮಂಜೂರಾದಾಗ ಬರುವ ಐ-797 ಕಾಗದದ ಕೆಳತುದಿಯಲ್ಲಿ ಹೊಸ ಐ-94 ಇರುತ್ತದೆ, ಹರಿದು ಇಟ್ಟುಕೊಳ್ಳುವ ಚೀಟಿಯ ಹಾಗೆ. 2021ರ ಅಕ್ಟೋಬರ್‌ನಲ್ಲಿ ಶುರುವಾಗಿ ಮೂರು ವರ್ಷದ ಮೇಲೆ ಇನ್ನೊಂದು ಮೂರು ವರ್ಷ ಸಿಕ್ಕಿದ್ದರೆ ಅದರಲ್ಲಿ 2027ರ ಸೆಪ್ಟೆಂಬರ್ 30 ಎಂದು ಇರಬೇಕು. ಆ ಕಾಗದವನ್ನು ಕಳಿಸಲು ಮಗನಿಗೆ ಹೇಳಿ.

ಇನ್ನು ಅರವತ್ತು ದಿನ. 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಎಚ್-1ಬಿ, ಎಲ್-1, ಒ-1 ಮುಂತಾದ ಉದ್ಯೋಗ ವೀಸಾ ವರ್ಗದವರಿಗೆ ಕೆಲಸ ನಿಂತ ಮರುದಿನದಿಂದ ಒಟ್ಟಿಗೆ ಅರವತ್ತು ದಿನಗಳವರೆಗೆ, ಅಥವಾ ಐ-94 ಮುಗಿಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಸ್ಟೇಟಸ್ ಉಳಿಯುತ್ತದೆ. ಈ ಅವಧಿಯಲ್ಲಿ ಅವನು ಕೆಲಸ ಮಾಡುವಂತಿಲ್ಲ. ದೇಶ ಬಿಟ್ಟು ಹೊರಟರೆ ಅವಧಿ ಅಲ್ಲಿಗೇ ಮುಗಿಯುತ್ತದೆ. ಒಂದು ಮಂಜೂರಾತಿಯ ಅವಧಿಯಲ್ಲಿ ಈ ಸೌಲಭ್ಯ ಒಮ್ಮೆ ಮಾತ್ರ.

ಅರವತ್ತು ದಿನಗಳೊಳಗೆ ಹೊಸ ಕೆಲಸಕ್ಕೆ ಸೇರಿರಲೇಬೇಕು ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಹೊಸ ಕಂಪನಿ ಅವನ ಹೆಸರಿನಲ್ಲಿ ಹಾಕುವ ಎಚ್-1ಬಿ ಅರ್ಜಿ ಆ ಅವಧಿಯೊಳಗೆ ವಲಸೆ ಇಲಾಖೆಯ ಕೈ ಸೇರಿದರೆ ಸಾಕು. 2000ನೇ ಇಸವಿಯಲ್ಲಿ ಬಂದ ಕಾನೂನಿನ ಪ್ರಕಾರ, ಅರ್ಜಿ ಸಲ್ಲಿಕೆಯಾದ ಕೂಡಲೇ, ಮಂಜೂರಾತಿಗೆ ಕಾಯದೆ, ಅವನು ಹೊಸ ಕೆಲಸ ಶುರು ಮಾಡಬಹುದು. ಆದರೆ ಅರ್ಜಿಗೂ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ದೃಢೀಕರಣ ಬೇಕು, ಅದಕ್ಕೇ ಏಳು ಕೆಲಸದ ದಿನ ಹಿಡಿಯುತ್ತದೆ. ಆಮೇಲೆ ವಕೀಲರು ಕಾಗದ ಜೋಡಿಸಬೇಕು. ಆದ್ದರಿಂದ ಕಡೆಯ ದಿನಕ್ಕಿಂತ ಕನಿಷ್ಠ ಎರಡು ವಾರ ಮುಂಚೆ ಆಫರ್ ಕೈಯಲ್ಲಿರಬೇಕು ಎಂದು ಲೆಕ್ಕ ಹಾಕಿಕೊಳ್ಳಿ.

ಐ-140 ಮಂಜೂರಾಗಿ 180 ದಿನ ಕಳೆದಿರುವುದರಿಂದ ಹಳೆಯ ಕಂಪನಿ ಅದನ್ನು ಹಿಂತೆಗೆದುಕೊಂಡರೂ, ವಂಚನೆಯಂಥ ಕಾರಣವಿಲ್ಲದಿದ್ದರೆ, ಅದು ರದ್ದಾಗುವುದಿಲ್ಲ. ಹೊಸ ಕಂಪನಿಯವರು ಗ್ರೀನ್ ಕಾರ್ಡಿನ ಕೆಲಸವನ್ನು ಮೊದಲಿನಿಂದ ಮಾಡಬೇಕಾದರೂ ಸರದಿಯಲ್ಲಿ ಅವನು ನಿಂತಿದ್ದ ಜಾಗ, ಅಂದರೆ ಪ್ರಯಾರಿಟಿ ದಿನಾಂಕ, ಅವನದೇ ಆಗಿರುತ್ತದೆ. ವರ್ಷಕ್ಕೆ ಸುಮಾರು 1,40,000 ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳು, ಅದೂ ಕುಟುಂಬದವರನ್ನು ಸೇರಿಸಿ, ಅದರಲ್ಲಿ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ. ಹೀಗಿರುವಾಗ ನಮ್ಮವರ ಸರದಿಯಲ್ಲಿ ಒಂದೊಂದು ವರ್ಷವೂ ಚಿನ್ನವೇ. ಆರು ವರ್ಷದ ಮಿತಿ ಮುಗಿದ ಮೇಲೂ ಎಚ್-1ಬಿಯನ್ನು ಮೂರು ಮೂರು ವರ್ಷ ಮುಂದುವರಿಸಿಕೊಳ್ಳಲು ಈ ಐ-140ಯೇ ಆಧಾರ. ಆ ಮಂಜೂರಾತಿ ಪತ್ರದ ಪ್ರತಿ ಮಗನ ಬಳಿ ಇದೆಯೇ ಎಂದು ಇವತ್ತೇ ಕೇಳಿ. ನನಗೆ ಕಂಪನಿ ಕೊಟ್ಟಿರಲಿಲ್ಲ. ಕೇಳುವ ಹೊತ್ತಿಗೆ ನನ್ನ ಇಮೇಲ್ ಖಾತೆಯೇ ಮುಚ್ಚಿಹೋಗಿತ್ತು.

ಪಾಂಡವಪುರದ ಮೇಷ್ಟರು — 10 ಫೆಬ್ರುವರಿ

ಸ್ವಾಮಿ, ನಿಮ್ಮ ಪತ್ರ ಓದಿ ಹೊಟ್ಟೆ ಕಿವುಚಿದಂತಾಯಿತು. ನನ್ನ ಮಾತು ಹಳೆಯ ಕಾಲದ್ದು ಎನಿಸಬಹುದು. ಆ ಹುಡುಗ ನಾಲ್ಕೂವರೆ ವರ್ಷ ದುಡಿದು ಒಂದಿಷ್ಟು ಕೂಡಿಟ್ಟಿರುತ್ತಾನೆ. ದಿನ ಎಣಿಸಿಕೊಂಡು ಅಲ್ಲಿ ಕೊರಗುವ ಬದಲು ಊರಿಗೆ ಬಂದು ಆರು ತಿಂಗಳು ನೆಮ್ಮದಿಯಾಗಿದ್ದು, ಮತ್ತೆ ಕರೆ ಬಂದರೆ ಹೋಗಲಿ. ಹೇಗೂ ಎಚ್-1ಬಿ ಕೊಡಲು ನಡೆಸುವ ಲಾಟರಿಯಲ್ಲಿ ಒಮ್ಮೆ ಆಯ್ಕೆಯಾದವರಿಗೆ ಮತ್ತೆ ಲಾಟರಿ ಬೇಕಿಲ್ಲ ಎಂದು ನನ್ನ ಅಳಿಯ ಹೇಳುತ್ತಿದ್ದ.

ವಿಜಯನಗರ ನಾಲ್ಕನೇ ಹಂತ, ಮೈಸೂರು — 10 ಫೆಬ್ರುವರಿ

ಮೇಷ್ಟ್ರೇ, ನಿಮ್ಮ ಅಳಿಯ ಹೇಳಿದ್ದು ನಿಜ. ವರ್ಷಕ್ಕೆ 65,000, ಅಲ್ಲಿ ಸ್ನಾತಕೋತ್ತರ ಓದಿದವರಿಗೆ ಇನ್ನೂ 20,000 ಎಂಬ ಮಿತಿಯೊಳಗೆ ಒಮ್ಮೆ ಎಣಿಕೆಯಾದವರು ತಮ್ಮ ಆರು ವರ್ಷದಲ್ಲಿ ಉಳಿದ ಅವಧಿಯನ್ನು ಲಾಟರಿಯಿಲ್ಲದೆ ಬಳಸಿಕೊಳ್ಳಬಹುದು. ನಾಲ್ಕು ವರ್ಷದ ಹಿಂದೆ ಕೇಳಿದ್ದರೆ ನಾನೂ ನಿಮ್ಮಂತೆಯೇ ‘ಬಂದುಬಿಡಲಿ, ಆಮೇಲೆ ನೋಡೋಣ’ ಎನ್ನುತ್ತಿದ್ದೆ. ಆ ಸಲಹೆ 2025ರ ಸೆಪ್ಟೆಂಬರ್ 21ರಿಂದ ಕೆಲಸಕ್ಕೆ ಬಾರದಾಗಿದೆ.

ಆ ದಿನದಿಂದ ಜಾರಿಗೆ ಬಂದ ಅಧ್ಯಕ್ಷರ ಘೋಷಣೆಯಂತೆ, ಅಮೆರಿಕದ ಹೊರಗಿದ್ದು, ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಇಲ್ಲದವರಿಗಾಗಿ ಕಂಪನಿ ಹೊಸ ಅರ್ಜಿ ಹಾಕಿದರೆ ಒಂದು ಲಕ್ಷ ಡಾಲರ್ ಕಟ್ಟಬೇಕು. ಇದು ಲಾಟರಿ ಬೇಕಾದವರಿಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ, ಹಾಗಲ್ಲ. ಆದರೆ ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಕೊಟ್ಟ ವಿವರಣೆಯ ಪ್ರಕಾರ, ದೇಶದೊಳಗೇ ಸರಿಯಾದ ಸ್ಟೇಟಸ್‌ನಲ್ಲಿ ಇರುವವರು ಕಂಪನಿ ಬದಲಿಸಿದರೆ ಅಥವಾ ಸ್ಟೇಟಸ್ ಬದಲಿಸಿದರೆ ಆ ಹಣ ಕಟ್ಟಬೇಕಿಲ್ಲ; ಅಂಥ ಅರ್ಜಿ ಮಂಜೂರಾದ ಮೇಲೆ ಊರಿಗೆ ಬಂದು ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ, ಮಾಡಿಸಿಕೊಂಡು ಹೋದರೂ ಕಟ್ಟಬೇಕಿಲ್ಲ. ಅಂದರೆ ಇದೇ ಹುಡುಗ, ಇದೇ ಕೆಲಸ, ಇದೇ ಸಂಬಳ. ಮಾರ್ಚ್ ತಿಂಗಳಲ್ಲಿ ಅವನು ಡಲ್ಲಾಸ್‌ನಲ್ಲಿ ಇದ್ದರೆ ಒಂದು ಬೆಲೆ, ಮಂಡ್ಯದಲ್ಲಿ ಇದ್ದರೆ ಇನ್ನೊಂದು ಬೆಲೆ. ಮಂಡ್ಯದಲ್ಲಿ ಕುಳಿತವನಿಗಾಗಿ ಇಂದಿನ ಲೆಕ್ಕದಲ್ಲಿ ಎಂಬತ್ತು ಲಕ್ಷ ರೂಪಾಯಿಗೂ ಮೀರಿ ಕಟ್ಟುವ ಕಂಪನಿ ಎಷ್ಟು ಸಿಕ್ಕೀತು?

ಇನ್ನೊಂದು ತೊಡಕು ಸ್ಟಾಂಪಿಂಗ್‌ನದು. ಅವನ ವೀಸಾ ಮುಗಿದಿರುವುದರಿಂದ ಬಂದರೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಸಂದರ್ಶನ ಕೊಡಲೇಬೇಕು. ಸಂದರ್ಶನವಿಲ್ಲದೆ ವೀಸಾ ಪಡೆಯಲು ಮೊದಲಿದ್ದ ಡ್ರಾಪ್‌ಬಾಕ್ಸ್ ಸೌಲಭ್ಯವನ್ನು 2025ರ ಸೆಪ್ಟೆಂಬರ್‌ನಿಂದ ಬಹುಪಾಲು ತೆಗೆದರು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳನ್ನೂ ತಪಾಸಣೆ ಮಾಡುವುದಾಗಿ ಹೇಳಿ, ಅದಾಗಲೇ ಕೊಟ್ಟಿದ್ದ ತಾರೀಖುಗಳನ್ನು ತಿಂಗಳುಗಟ್ಟಲೆ ಮುಂದೂಡಿದರು. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ತಂಗಿಯ ಮದುವೆಗೆಂದು ಎರಡು ವಾರಕ್ಕೆ ಬಂದವನು ಇನ್ನೂ ಇಲ್ಲಿಯೇ ಇದ್ದಾನೆ. ರಾತ್ರಿ ಎರಡು ಗಂಟೆಗೆ ಅವರ ಮನೆಯ ಮಹಡಿಯ ದೀಪ ಉರಿಯುತ್ತಿರುತ್ತದೆ, ಅಲ್ಲಿಯ ಮೀಟಿಂಗಿಗೆ.

ಬಂದೇ ಬರಬೇಕಾದರೆ ಮರಳಲು ಇನ್ನೊಂದು ದಾರಿ ಎಲ್-1. ಅಮೆರಿಕದಲ್ಲಿಯೂ ಶಾಖೆಯಿರುವ ಕಂಪನಿಯ ಮೈಸೂರು ಅಥವಾ ಬೆಂಗಳೂರು ಕಚೇರಿಯಲ್ಲಿ ಒಂದು ವರ್ಷ ಬಿಡದೆ ಕೆಲಸ ಮಾಡಿದವರನ್ನು ಅದೇ ಕಂಪನಿ ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಇದಕ್ಕೆ ಲಾಟರಿಯಿಲ್ಲ, ಆ ಲಕ್ಷ ಡಾಲರೂ ಇಲ್ಲ, ಸಂಗಾತಿಗೆ ಪ್ರತ್ಯೇಕ ಪರವಾನಗಿ ಇಲ್ಲದೆಯೇ ಕೆಲಸ ಮಾಡುವ ಹಕ್ಕೂ ಇದೆ. ಆದರೆ ಎಲ್-1ರಲ್ಲಿ ಕಂಪನಿ ಬದಲಿಸುವಂತಿಲ್ಲ, ವ್ಯವಸ್ಥಾಪಕರಿಗೆ ಏಳು ವರ್ಷ, ವಿಶೇಷ ಪರಿಣತರಿಗೆ ಐದು ವರ್ಷದ ಮಿತಿಯಿದೆ, ಮತ್ತು ಯಾರನ್ನು ಕಳಿಸಬೇಕು ಎಂಬುದು ಪೂರ್ತಿ ಕಂಪನಿಯವರ ಮರ್ಜಿ.

ಪಾಂಡವಪುರದ ಮೇಷ್ಟರು — 10 ಫೆಬ್ರುವರಿ

ಲಕ್ಷ ಡಾಲರ್ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಅಳಿಯನಿಗೂ ಇದನ್ನು ಓದಲು ಕಳಿಸಿದ್ದೇನೆ, ಅವನು ಮುಂದಿನ ತಿಂಗಳು ಬರುವವನಿದ್ದ.

ಕೆ.ಆರ್. ಪೇಟೆಯವನು, ಈಗ ಸಿಯಾಟಲ್ — 11 ಫೆಬ್ರುವರಿ

ಸರ್, ನೀವು ಕೇಳಿದ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಸಂಬಳ ಕೊಟ್ಟ ಕಡೆಯ ದಿನವನ್ನೇ ಕೆಲಸದ ಕಡೆಯ ದಿನವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ ಎಂದು ವಲಸೆ ಇಲಾಖೆಯೇ ಹೇಳಿದೆ. ಆ ಪ್ರಕಾರ ಫೆಬ್ರುವರಿ 1 ಮೊದಲನೆಯ ದಿನ, ಏಪ್ರಿಲ್ 1 ಅರವತ್ತನೆಯ ದಿನ. ಹುಡುಗನ ಬಳಿ ಇನ್ನೂ ಏಳು ವಾರ ಇದೆ; ಅವಸರದಲ್ಲಿ ಸಿಕ್ಕಿದ ಕೆಲಸ ಒಪ್ಪಿಕೊಳ್ಳುವುದು ಬೇಡ.

ವಿಜಯನಗರ ನಾಲ್ಕನೇ ಹಂತ, ಮೈಸೂರು — 11 ಫೆಬ್ರುವರಿ

ತಮ್ಮಾ, ನೀವು ಹೇಳಿದ ವಾಕ್ಯದಲ್ಲಿ ‘ಸಾಮಾನ್ಯವಾಗಿ’ ಎಂಬ ಪದವಿದೆ, ನನ್ನ ಚಿಂತೆಯೆಲ್ಲ ಆ ಪದದ ಮೇಲೆ. ಕೆಲಸವಿಲ್ಲದೆ ಸಂಬಳದ ಪಟ್ಟಿಯಲ್ಲಿ ಮಾತ್ರ ಇದ್ದ ಆ ಹದಿನೇಳು ದಿನಗಳನ್ನು ಉದ್ಯೋಗವೆಂದು ಒಪ್ಪುವ ಅಧಿಕಾರಿ ಇರಬಹುದು, ಒಪ್ಪದ ಅಧಿಕಾರಿಯೂ ಇರಬಹುದು. ಕೈಬಿಟ್ಟಾಗ ಒಟ್ಟಿಗೆ ಕೊಡುವ ಪರಿಹಾರದ ಹಣವಂತೂ ಸಂಬಳವಲ್ಲ, ಅದರಿಂದ ಒಂದು ದಿನವೂ ಹೆಚ್ಚುವುದಿಲ್ಲ. ಜನವರಿ 15ರಿಂದ ಎಣಿಸಿದರೆ ಅರವತ್ತನೆಯ ದಿನ ಮಾರ್ಚ್ 15, ಅದು ಭಾನುವಾರ. ಅಂದರೆ ಅರ್ಜಿ 13ರ ಶುಕ್ರವಾರದೊಳಗೆ ಕಚೇರಿ ಸೇರಬೇಕು. ಈ ಲೆಕ್ಕದಲ್ಲಿ ನಡೆದುಕೊಂಡು, ಏಪ್ರಿಲ್ 1 ಎಂಬುದನ್ನು ಕಷ್ಟಕಾಲಕ್ಕೆ ವಾದಿಸಲು ಇಟ್ಟುಕೊಳ್ಳಲಿ. ಜನವರಿ 31ರವರೆಗಿನ ಪೇ ಸ್ಲಿಪ್ ಮತ್ತು ಕೆಲಸದಿಂದ ತೆಗೆದ ಪತ್ರ, ಈ ಎರಡನ್ನೂ ಜೋಪಾನ ಮಾಡಲು ಹೇಳಿ.

ಕೆ.ಆರ್. ಪೇಟೆಯವನು, ಈಗ ಸಿಯಾಟಲ್ — 11 ಫೆಬ್ರುವರಿ

ಒಪ್ಪಿದೆ ಅಣ್ಣ. ಒಂದು ಮಾತು ಸೇರಿಸುತ್ತೇನೆ. ಎಚ್-1ಬಿ ಅವಧಿ ಮುಗಿಯುವ ಮುನ್ನ ಕಂಪನಿಯೇ ಕೆಲಸದಿಂದ ತೆಗೆದರೆ, ಹುಡುಗ ಸ್ವದೇಶಕ್ಕೆ ಮರಳುವ ಸಮಂಜಸ ಪ್ರಯಾಣ ವೆಚ್ಚವನ್ನು ಆ ಕಂಪನಿಯೇ ಭರಿಸಬೇಕೆಂದು ನಿಯಮವಿದೆ. ಕುಟುಂಬದವರ ಟಿಕೆಟ್ ಅದರಲ್ಲಿ ಸೇರುವುದಿಲ್ಲ. ಮರಳುವುದೇ ಆದರೆ ಕೇಳಿ ಪಡೆಯಲಿ, ನಮ್ಮವರು ಸಂಕೋಚದಿಂದ ಕೇಳುವುದೇ ಇಲ್ಲ.

ಕುವೆಂಪುನಗರ, ಮೈಸೂರು — 12 ಫೆಬ್ರುವರಿ

ಎಲ್ಲರೂ ಮಗನ ಬಗ್ಗೆಯೇ ಬರೆದಿದ್ದೀರಿ. ನಾನು ಸೊಸೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಒಂಬತ್ತು ವರ್ಷ ಎಚ್-4ರಲ್ಲಿ ಇದ್ದವಳು ನಾನು. ಅದರಲ್ಲಿ ಮೊದಲ ನಾಲ್ಕು ವರ್ಷ, ಇಲ್ಲಿ ಎನ್‌ಐಇಯಲ್ಲಿ ಪಡೆದ ಪದವಿಯನ್ನು ಬೀರುವಿನಲ್ಲಿಟ್ಟು, ಬೆಳಿಗ್ಗೆ ಗಂಡನ ಟಿಫನ್ ಡಬ್ಬಿ ಕಟ್ಟಿದ ಮೇಲೆ ಸಂಜೆಯವರೆಗೆ ಕಿಟಕಿಯಾಚೆಯ ಪಾರ್ಕಿಂಗ್ ಜಾಗವನ್ನು ನೋಡುತ್ತಾ ಕುಳಿತಿದ್ದೆ. 2015ರ ಮೇ 26ರಿಂದ, ಐ-140 ಮಂಜೂರಾದ ಎಚ್-1ಬಿ ನೌಕರರ ಸಂಗಾತಿಗಳಿಗೆ ಇಎಡಿ ಕೊಡಲು ಶುರು ಮಾಡಿದ ಮೇಲೆ ನನಗೂ ಕೆಲಸ ಸಿಕ್ಕಿತು.

ಎಚ್-4 ಎಂಬುದು ಗಂಡನ ಎಚ್-1ಬಿಯ ನೆರಳು. ಅದು ಹೋದ ದಿನ ಇದೂ ಹೋಗುತ್ತದೆ, ಕೈಯಲ್ಲಿರುವ ಇಎಡಿ ಕಾರ್ಡಿನ ಮೇಲೆ ಯಾವ ತಾರೀಖು ಇದ್ದರೂ. ಕಾರ್ಡಿನ ತಾರೀಖನ್ನು ನಂಬಿ ಅರವತ್ತು ದಿನ ಕಳೆದ ಮೇಲೂ ಕೆಲಸಕ್ಕೆ ಹೋದರೆ ಅದು ಅನಧಿಕೃತ ಕೆಲಸವಾಗಿ, ಮುಂದೆ ಗ್ರೀನ್ ಕಾರ್ಡಿನ ಹೊತ್ತಿಗೆ ಕಾಡುತ್ತದೆ. ಕಾರ್ಡು ನವೀಕರಣದ ಹೊತ್ತು ಹತ್ತಿರವಿದ್ದರೆ ಅದನ್ನೂ ನೋಡಿಕೊಳ್ಳಲಿ: ಹಿಂದೆಲ್ಲ ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೆಯ ಕಾರ್ಡು ತಾನಾಗಿ 540 ದಿನಗಳವರೆಗೆ ಮುಂದುವರಿಯುತ್ತಿತ್ತು; 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಆ ಅನುಕೂಲವಿಲ್ಲ.

ಆದರೆ ಸರ್, ನಿಮ್ಮ ಸೊಸೆಗೆ ಈಗ ಒಂದು ಕೆಲಸವಿದೆ ಎಂಬುದನ್ನು ಮರೆಯಬೇಡಿ. ಅವಳ ಕಂಪನಿ ಮಾರ್ಚ್‌ನಲ್ಲಿ ನಡೆಯುವ ಎಚ್-1ಬಿ ನೋಂದಣಿಗೆ ಅವಳ ಹೆಸರನ್ನು ಹಾಕಬಹುದು. ನೋಂದಣಿಯ ಶುಲ್ಕ 215 ಡಾಲರ್ ಮಾತ್ರ. ಈ ವರ್ಷದಿಂದ ಲಾಟರಿಯ ರೀತಿ ಬದಲಾಗಿದೆ. ವೇತನದ ನಾಲ್ಕನೆಯ, ಅಂದರೆ ಅತಿ ಮೇಲಿನ ಹಂತದಲ್ಲಿರುವವರ ಹೆಸರು ನಾಲ್ಕು ಸಲ, ಮೊದಲನೆಯ ಹಂತದವರದು ಒಂದೇ ಸಲ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಅನುಭವಕ್ಕೆ ತಕ್ಕ ಸಂಬಳ ಇದ್ದರೆ ಅವಕಾಶ ಹೆಚ್ಚು. ಆಯ್ಕೆಯಾದರೂ ಅದು ಜಾರಿಗೆ ಬರುವುದು ಅಕ್ಟೋಬರ್ 1ಕ್ಕೆ, ಹಾಗಾಗಿ ಮಾರ್ಚ್ ತಿಂಗಳ ಕಷ್ಟಕ್ಕೆ ಇದು ಪರಿಹಾರವಲ್ಲ. ಆದರೂ ಒಂದೇ ಮನೆಯ ಇಬ್ಬರೂ ಒಂದೇ ಹಗ್ಗಕ್ಕೆ ಜೋತುಬೀಳುವುದು ತಪ್ಪುತ್ತದೆ. ನಾನು ಆ ದಿನಗಳಲ್ಲಿ ಕೇಳಲು ಅಂಜಿದೆ, ‘ಗಂಡನದು ಇದೆಯಲ್ಲ’ ಎಂದುಕೊಂಡೆ.

ಸರಸ್ವತಿಪುರಂ, ಮೈಸೂರು — 13 ಫೆಬ್ರುವರಿ

ಹೊಸ ಕೆಲಸ ಅಷ್ಟರೊಳಗೆ ಸಿಗದಿದ್ದರೆ ಎಂಬುದಕ್ಕೆ ಎರಡು ಮಾತು. ಗಡುವಿನೊಳಗೆ ಬಿ-2, ಅಂದರೆ ಪ್ರವಾಸಿ ಸ್ಟೇಟಸ್‌ಗೆ ಬದಲಿಸಿಕೊಳ್ಳಲು ಐ-539 ಅರ್ಜಿ ಹಾಕಬಹುದು. ಅದು ವಿಚಾರಣೆಯಲ್ಲಿ ಇರುವಷ್ಟು ದಿನ ಅಲ್ಲಿ ಇರುವುದಕ್ಕೆ ಅಡ್ಡಿಯಿಲ್ಲ, ಕೆಲಸ ಹುಡುಕುವುದಕ್ಕೂ ಸಂದರ್ಶನಕ್ಕೆ ಹೋಗುವುದಕ್ಕೂ ಅಡ್ಡಿಯಿಲ್ಲ, ದುಡಿಯುವಂತಿಲ್ಲ ಅಷ್ಟೇ. ಆಮೇಲೆ ಕೆಲಸ ಸಿಕ್ಕಿದರೆ, ಮೊದಲು ಹೇಳಿದಂತೆ ಅರ್ಜಿ ಹಾಕಿದ ದಿನದಿಂದಲೇ ಶುರು ಮಾಡುವ ಅನುಕೂಲ ಇರುವುದಿಲ್ಲ, ಎಚ್-1ಬಿಗೆ ಬದಲಾವಣೆ ಮಂಜೂರಾಗುವವರೆಗೆ ಕಾಯಬೇಕು. ಐ-140 ಇರುವವರಿಗೆ ‘ಅನಿವಾರ್ಯ ಸಂದರ್ಭ’ದ ಹೆಸರಿನಲ್ಲಿ ಒಂದು ವರ್ಷದ ಇಎಡಿ ಕೊಡುವ ಅವಕಾಶವೂ ಇದೆ; ಕೆಲಸ ಹೋದದ್ದೊಂದೇ ಸಾಲದು, ಕಾಯಿಲೆಯಂಥ ಬೇರೆ ಸಂಕಟವನ್ನೂ ದಾಖಲೆ ಸಮೇತ ತೋರಿಸಬೇಕು. ಏನೂ ಮಾಡದೆ ಸುಮ್ಮನೆ ಉಳಿಯುವುದು ಮಾತ್ರ ಬೇಡ. ಕಾನೂನು ಮೀರಿದ ವಾಸ 180 ದಿನ ದಾಟಿ ಹೊರಟರೆ ಮೂರು ವರ್ಷ, ಒಂದು ವರ್ಷ ತುಂಬಿ ಹೊರಟರೆ ಹತ್ತು ವರ್ಷ ಒಳಗೆ ಬರುವಂತಿಲ್ಲ.

ಇನ್ನೊಂದು ದಾರಿಯನ್ನು ಏಜೆಂಟರು ಖಂಡಿತ ತೋರಿಸುತ್ತಾರೆ, ಆದ್ದರಿಂದ ನಾನೇ ಮೊದಲು ಹೇಳಿಬಿಡುತ್ತೇನೆ. ನನ್ನ ತಮ್ಮನಿಗೆ ಹೀಗೆಯೇ ಆದಾಗ ನಮ್ಮ ನಗರದ ಒಂದು ಕನ್ಸಲ್ಟೆನ್ಸಿಯವರು, ಒಂದು ಕಾಲೇಜಿಗೆ ಎಫ್-1 ವಿದ್ಯಾರ್ಥಿಯಾಗಿ ಸೇರಿದರೆ ಮೊದಲ ದಿನದಿಂದಲೇ ಸಿಪಿಟಿ, ಅಂದರೆ ಓದಿನ ಭಾಗವಾಗಿ ದುಡಿಯುವ ಪರವಾನಗಿ ಮೇಲೆ ಪೂರ್ಣಾವಧಿ ಕೆಲಸ ಮಾಡಬಹುದು ಎಂದು ನಂಬಿಸಿ, ನಮ್ಮ ತಂದೆಯಿಂದ ನಾಲ್ಕು ಲಕ್ಷ ತೆಗೆದುಕೊಂಡರು. ಹಣ ಎಣಿಸಿಕೊಂಡ ಮೇಜಿನ ಮೇಲೆ ಗಣಪತಿಯ ವಿಗ್ರಹ, ಅದರ ಪಕ್ಕದಲ್ಲಿ ಸ್ವಾತಂತ್ರ್ಯ ದೇವಿಯ ವಿಗ್ರಹ, ಎರಡಕ್ಕೂ ಒಂದೇ ಮಲ್ಲಿಗೆ ಹಾರ. ತಮ್ಮ ಎರಡು ಸೆಮಿಸ್ಟರ್ ಹಾಗೆ ಮಾಡಿದ. ಆಮೇಲೆ ಎಚ್-1ಬಿಗೆ ಮರಳಲು ಅರ್ಜಿ ಹಾಕಿದಾಗ, ನೀನು ನಿಜವಾಗಿ ಓದಿದ್ದಕ್ಕೂ ತರಗತಿಗೆ ಹಾಜರಾದದ್ದಕ್ಕೂ ಪುರಾವೆ ಕೊಡು ಎಂದು ಇಲಾಖೆ ಕೇಳಿತು, ಕೊಡಲಾಗಲಿಲ್ಲ. ನಿಜವಾಗಿ ಓದುವ ಮನಸ್ಸಿದ್ದರೆ ಎಫ್-1 ಒಳ್ಳೆಯ ದಾರಿಯೇ. ಓದಿನ ನೆಪದಲ್ಲಿ ದುಡಿಯಲು ಹೋಗಬಾರದು. ವಲಸೆ ವಕೀಲರ ಒಂದು ಗಂಟೆಯ ಫೀಸು ನಮ್ಮೂರಿನ ಈ ಏಜೆಂಟರ ಫೀಸಿಗಿಂತ ಬಹಳ ಕಡಿಮೆ.

ಗೋಕುಲಂ, ಮೈಸೂರು — 14 ಫೆಬ್ರುವರಿ

ಸ್ವಲ್ಪ ಪಕ್ಕಕ್ಕೆ ಸರಿದು ಬರೆಯುತ್ತಿದ್ದೇನೆ. ಯೋಗ ಕಲಿಯಲು ಬರುವ ವಿದೇಶಿಯರಿಗೆ ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಡುವವನು ನಾನು. ಅವರು ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ, ವಿದೇಶಿಯರು ತಂಗಿರುವುದನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್-ಸಿ ತುಂಬುವುದು ನನ್ನ ಹೊಣೆ. ಇ-ಪ್ರವಾಸಿ ವೀಸಾದಲ್ಲಿ ಅಲ್ಪಾವಧಿಯ ಯೋಗ ತರಬೇತಿ ಪಡೆಯಬಹುದು, ಆದರೆ ಸಂಬಳಕ್ಕೆ ಯೋಗ ಕಲಿಸುವಂತಿಲ್ಲ. ಅದಕ್ಕೆ ಉದ್ಯೋಗ ವೀಸಾ ಬೇಕು. ಅಂದರೆ ಡಲ್ಲಾಸ್‌ನಲ್ಲಿ ನಮ್ಮ ಹುಡುಗರನ್ನು ಕಾಡುವ ಪ್ರಶ್ನೆಯನ್ನೇ ನನ್ನ ಮಹಡಿಯವರು ನನ್ನನ್ನು ಕೇಳುತ್ತಾರೆ.

ನಿಮಗೆ ಬೇಕಾದ ಮಾತು ಇದು: ನಿಮ್ಮ ಮೊಮ್ಮಗಳು ಅಲ್ಲಿ ಹುಟ್ಟಿದವಳು, ಅಮೆರಿಕದ ಪ್ರಜೆ. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಹಾಗಾಗಿ ಮಗನ ಕುಟುಂಬ ಊರಿಗೆ ಬರುವುದೇ ಆದರೆ ನಿಮ್ಮ ಮನೆಗೆ ಬರುವ ಆ ಮಗುವೂ ನನ್ನ ಮಹಡಿಯವರ ಹಾಗೆ ವಿದೇಶಿ ಪ್ರಜೆಯೇ. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡನ್ನು ಅವಳಿಗೆ ಮಾಡಿಸಿದ್ದಾರೆಯೇ ವಿಚಾರಿಸಿ. ಅದಿದ್ದರೆ ಎಷ್ಟು ವರ್ಷ ಬೇಕಾದರೂ ಇಲ್ಲಿದ್ದು ಓದಬಹುದು, ವಿದೇಶಿಯರ ನೋಂದಣಿ ಕಚೇರಿಗೂ ಓಡಾಡಬೇಕಿಲ್ಲ. ಇಲ್ಲದಿದ್ದರೆ ಅವಸರದಲ್ಲಿ ವೀಸಾ ತೆಗೆದು, ಬಂದ ಮೇಲೆ ಅದರ ತಾರೀಖುಗಳ ಹಿಂದೆ ನೀವೇ ಓಡಬೇಕಾಗುತ್ತದೆ.

ಗುತ್ತಲು ರಸ್ತೆ, ಮಂಡ್ಯ — 16 ಫೆಬ್ರುವರಿ

ನಿನ್ನೆ ಶಿವರಾತ್ರಿಯ ಜಾಗರಣೆಯಲ್ಲಿ ಈ ಎಲ್ಲ ಉತ್ತರಗಳನ್ನು ಮುದ್ರಿಸಿಕೊಂಡು ಕುಳಿತು, ವಿಡಿಯೋ ಕರೆಯಲ್ಲಿ ಮಗನಿಗೆ ಒಂದೊಂದಾಗಿ ಓದಿ ಹೇಳಿದೆ. ಐ-94ರಲ್ಲಿ 2027ರ ಸೆಪ್ಟೆಂಬರ್ 30 ಎಂದೇ ಇದೆ. ಐ-140 ಪತ್ರದ ಪ್ರತಿ ಇರಲಿಲ್ಲ. ಹಳೆಯ ಕಂಪನಿಯ ವಕೀಲರಿಗೆ ಬರೆದು ತರಿಸಿಕೊಂಡಿದ್ದಾನೆ. ಮೊಮ್ಮಗಳಿಗೆ ಒಸಿಐ ಆಗಿದೆ. ಸೊಸೆಯ ಕಂಪನಿಯವರು ಮಾರ್ಚ್ ನೋಂದಣಿಗೆ ಅವಳ ಹೆಸರು ಹಾಕಲು ಒಪ್ಪಿದ್ದಾರೆ. ಕೇಳಿದ ತಕ್ಷಣ ಒಪ್ಪಿದರಂತೆ, ಇಷ್ಟು ವರ್ಷ ಅವಳು ಕೇಳಿರಲಿಲ್ಲವಂತೆ. ಕುವೆಂಪುನಗರದ ತಾಯಿಗೆ ನನ್ನ ಹೆಂಡತಿಯ ನಮಸ್ಕಾರ.

ನಾಚಿಕೆಯಿಲ್ಲದೆ ಇನ್ನೊಂದು ಕೇಳುತ್ತೇನೆ. ಕಾಳೇನಹಳ್ಳಿ ಬಳಿ ನನ್ನ ಹೆಸರಿನಲ್ಲಿ ಎರಡು ಎಕರೆ ಗದ್ದೆಯಿದೆ. ಮಗ ಮುಂದೆ ಅಲ್ಲಿಯ ಪೌರತ್ವ ಪಡೆದರೆ ಅದು ಅವನಿಗೆ ದಕ್ಕುತ್ತದೆಯೇ?

ವಕೀಲರು, ಮಂಡ್ಯ — 16 ಫೆಬ್ರುವರಿ

ದಕ್ಕುತ್ತದೆ. ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿ ಭಾರತೀಯರಾಗಲಿ ಒಸಿಐ ಕಾರ್ಡಿನವರಾಗಲಿ ಕೃಷಿ ಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿಯೇ ವಾಸವಿರುವ ಭಾರತೀಯ ಪ್ರಜೆಗೆ ಮಾರಬೇಕು. 2020ರಲ್ಲಿ ರಾಜ್ಯದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಈಗ ಯಾರು ಬೇಕಾದರೂ ಗದ್ದೆ ಕೊಳ್ಳಬಹುದು ಎಂದುಕೊಂಡು, ವಿದೇಶದಲ್ಲಿರುವ ಮಕ್ಕಳ ಹೆಸರಿಗೆ ಕರಾರು ಮಾಡಿಸಿಕೊಂಡು ಬರುವವರು ತಿಂಗಳಿಗೆ ಒಬ್ಬರಾದರೂ ನನ್ನ ಬಳಿ ಬರುತ್ತಾರೆ; ಆ ತಿದ್ದುಪಡಿಯಿಂದ ಕೇಂದ್ರದ ಕಾನೂನು ಬದಲಾಗಿಲ್ಲ. ಸರ್, ನೀವು ಒಂದು ವಿಲ್ ಬರೆದಿಡಿ, ಪಹಣಿಯಲ್ಲಿ ನಿಮ್ಮ ಹೆಸರು ಸರಿಯಾಗಿದೆಯೇ ನೋಡಿಕೊಳ್ಳಿ.

ಗುತ್ತಲು ರಸ್ತೆ, ಮಂಡ್ಯ — 12 ಮಾರ್ಚ್ 2026

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಫೆಬ್ರುವರಿ 26ರಂದು ಆಸ್ಟಿನ್‌ನ ಒಂದು ಸಣ್ಣ ಕಂಪನಿಯಿಂದ ಆಫರ್ ಬಂತು. ಸಂಬಳ ಮೊದಲಿಗಿಂತ ಕಡಿಮೆ. ಇನ್ನೊಂದು ಕಡೆ ಮೂರನೆಯ ಸುತ್ತಿನ ಸಂದರ್ಶನ ಬಾಕಿ ಇತ್ತು, ಅಲ್ಲಿ ಹೆಚ್ಚು ಸಿಗುತ್ತಿತ್ತು. ಏಪ್ರಿಲ್ 1ರ ಲೆಕ್ಕ ನಂಬಿ ಕಾಯೋಣವೇ ಎಂದು ಮಗ ಕೇಳಿದ. ‘ಸಾಮಾನ್ಯವಾಗಿ’ ಎಂಬ ಪದದ ಬಗ್ಗೆ ವಿಜಯನಗರದವರು ಬರೆದಿದ್ದನ್ನು ಅವನಿಗೆ ಮತ್ತೆ ಓದಿ ಹೇಳಿದೆ. ಆಸ್ಟಿನ್‌ನದನ್ನೇ ಒಪ್ಪಿಕೊಂಡ.

ಎಲ್‌ಸಿಎ ಮಾರ್ಚ್ 9ಕ್ಕೆ ಬಂತು. ಅರ್ಜಿ 11ರಂದು ಕಚೇರಿ ಸೇರಿತು. ನನ್ನ ಮೇಲಿನ ಸಾಲಿನ ಲೆಕ್ಕದಲ್ಲಿ ಅದು ಐವತ್ತಾರನೆಯ ದಿನ, ಕೆಳಗಿನ ಸಾಲಿನಲ್ಲಿ ಮೂವತ್ತೊಂಬತ್ತನೆಯದು. ಮಂಜೂರಾತಿ ಇನ್ನೂ ಬರಬೇಕು, ಹೆಚ್ಚಿನ ಶುಲ್ಕ ಕಟ್ಟಿ ಹದಿನೈದು ಕೆಲಸದ ದಿನಗಳಲ್ಲಿ ತೀರ್ಮಾನ ಕೇಳಿದ್ದಾರಂತೆ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಾನೆ. ಮಂಜೂರಾಗುವವರೆಗೆ ಊರಿಗೆ ಬರುವ ಮಾತು ಎತ್ತುವುದಿಲ್ಲ ಎಂದು ಅವನ ತಾಯಿಯೂ ಒಪ್ಪಿದ್ದಾಳೆ. 19ಕ್ಕೆ ಯುಗಾದಿ, ಕ್ಯಾಲೆಂಡರಿನ ಆ ಹಾಳೆಯಲ್ಲಿ ಒಬ್ಬಟ್ಟಿಗೆ ಬೇಳೆ ತರಬೇಕೆಂದು ಅವಳು ಬರೆದಿದ್ದ ಜಾಗದ ಮೇಲೆಲ್ಲ ನನ್ನ ಕೆಂಪು ಪೆನ್ಸಿಲ್ ಗೀಟುಗಳಿವೆ, ಅದಕ್ಕಾಗಿ ಬೆಳಿಗ್ಗೆ ಬೈಸಿಕೊಂಡೆ.